ಪರಿಹಾರವಿಲ್ಲ ಎಂದಿದ್ದ ಲೆಕ್ಕ

ಇವತ್ತು ಬೆಳಿಗ್ಗೆ ಮೇಜಿನ ಖಾನೆ ಎಳೆದರೆ ಕಾಕಂಬಿಯ ವಾಸನೆ. ಸಕ್ಕರೆ ಕಾರ್ಖಾನೆಯ ಸುತ್ತಲಿನ ಊರುಗಳಲ್ಲಿ ಒಣಹಾಕಿದ ಬಟ್ಟೆಗೂ ಹತ್ತುತ್ತದಲ್ಲ, ಸುಟ್ಟ ಬೆಲ್ಲದಂಥ ಆ ವಾಸನೆಯೇ. ಮಹಾದೇವಕ್ಕ ಕಳಿಸಿದ್ದ ಹಾಳೆಗಳ ಕಟ್ಟು ಅಲ್ಲಿತ್ತು. ಇಷ್ಟು ವರ್ಷವಾದರೂ ವಾಸನೆ ಹೋಗಿಲ್ಲ, ನೋಡಿ.

ಆಳಂದದ ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ ಕೆಲವು ವರ್ಷಗಳ ಹಿಂದೆ ಪುಸ್ತಕ ಬರೆಯುವ ಹುಚ್ಚು ಹಿಡಿದಿತ್ತು. ಕನ್ನಡದಲ್ಲೇ ಓದಿ ಬಂದ ನಮ್ಮ ಮಕ್ಕಳಿಗೆಂದು ರೇಖೀಯ ಬೀಜಗಣಿತದ ಪಠ್ಯವೊಂದನ್ನು ಬರೆದು ಅಂತರ್ಜಾಲದಲ್ಲಿ ಹಾಕಿದೆ. ತಪ್ಪಿದ್ದರೆ ತಿಳಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಬೇಡಿಕೊಂಡೆ. ಹತ್ತಾರು ಜನ ಕೈಮುಗಿದ ಚಿತ್ರ ಕಳಿಸಿದರು. ಇಬ್ಬರು ಮುಖಪುಟ ಚೆಂದ ಬಂದಿದೆ ಎಂದರು. ತಪ್ಪೇ ಸಿಗದ ಹಾಗೆ ಬರೆದುಬಿಟ್ಟೆನಲ್ಲ ಎಂದು ನಾನು ಒಳಗೊಳಗೇ ಉಬ್ಬಿದೆ.

ಆಮೇಲೆ ಅಫಜಲಪುರದ ಗೆಳೆಯನೊಬ್ಬನ ಕೈಯಲ್ಲಿ ಈ ಕಟ್ಟು ಬಂತು. ಮಹಾದೇವಕ್ಕ ಅವನ ಅಕ್ಕ. ಹವಳಗಾ ಕಡೆ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷಿಸುವ ಕೆಲಸ. ಅಲ್ಲಿ ಒಂದೇ ರಸವನ್ನು ಎರಡು ಸಲ ಪರೀಕ್ಷಿಸುತ್ತಾರಂತೆ, ಎರಡನೇ ಸಲ ಮೊದಲಿನ ಅಂಕಿ ನೋಡುವ ಹಾಗಿಲ್ಲ. ಅಕ್ಕ ನನ್ನ ಪುಸ್ತಕವನ್ನೂ ಹಾಳೆಗಳಲ್ಲಿ ಪ್ರಿಂಟ್ ತೆಗೆಸಿಕೊಂಡು ಹಾಗೆಯೇ ಓದಿದ್ದರು. ಉತ್ತರಗಳ ಮೇಲೆ ಸ್ಟೀಲಿನ ತಟ್ಟೆ ಮುಚ್ಚಿಟ್ಟು, ಇನ್ನೂರಕ್ಕೂ ಹೆಚ್ಚು ಲೆಕ್ಕಗಳನ್ನು ತಾವೇ ಬಿಡಿಸಿ, ಆಮೇಲೆ ತಟ್ಟೆ ಎತ್ತಿದ್ದರು. ತಪ್ಪು ಕಂಡಲ್ಲೆಲ್ಲ 'ಮತ್ತೊಮ್ಮೆ ನೋಡ್ರಿ' ಎಂದಷ್ಟೇ ಬರೆದಿದ್ದರು. ನಾನು ಬರೆಯುವಾಗಲೂ ಅಷ್ಟು ನಿಷ್ಠೆಯಿಂದ ಬಿಡಿಸಿರಲಿಲ್ಲ ಎಂದು ನಿಮ್ಮೆದುರು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಮೂರನೇ ಅಧ್ಯಾಯದಲ್ಲಿ ಮೂರು ಸಮೀಕರಣಗಳ ಒಂದು ಲೆಕ್ಕ. ಉತ್ತರ 'ಪರಿಹಾರವಿಲ್ಲ' ಎಂದು ಕೊಟ್ಟಿದ್ದೆ. ಅಕ್ಕ ಪರಿಹಾರ ಕಂಡುಹಿಡಿದು, ಮೂರರಲ್ಲೂ ಹಾಕಿ ತಾಳೆ ನೋಡಿದ್ದರು. ಟೈಪ್ ಮಾಡುವಾಗ ನಾನು ಒಂದು ಮೈನಸ್ ಬಿಟ್ಟಿದ್ದೆ. ಉತ್ತರ ನನ್ನ ತಲೆಯಲ್ಲಿದ್ದ ಲೆಕ್ಕದ್ದು, ಪುಸ್ತಕಕ್ಕೆ ಬಂದದ್ದೇ ಬೇರೆ ಲೆಕ್ಕ.

ಫೋನು ಮಾಡಿ ಉಪಕಾರ ಸ್ಮರಿಸಿದೆ. ಅಚ್ಚಿನ ಪುಸ್ತಕವಲ್ಲವಲ್ಲ, ಈಗಲೇ ತಿದ್ದಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಕ್ಕೆ. ಅಕ್ಕ ನಗಲಿಲ್ಲ.

"ಗೊತ್ತಾಗಬೇಕ್ರಿ ಸರ್," ಎಂದರು.

ಆಮೇಲೆ ತಮ್ಮ ಕಥೆ ಹೇಳಿದರು. ಜೇವರ್ಗಿಯಲ್ಲಿ ಪಿಯುಸಿ ಓದುವಾಗ ಅಕ್ಕನಿಗೆ ಗಣಿತವೆಂದರೆ ಜೀವ. ಒಂದು ಲೆಕ್ಕಕ್ಕೆ ತಮ್ಮ ಉತ್ತರ ಒಂದು, ಪುಸ್ತಕದ್ದು ಇನ್ನೊಂದು. ಮೂರು ದಿನ ಗುದ್ದಾಡಿ, ತಮ್ಮ ತಲೆಗೆ ಗಣಿತ ಹತ್ತುವುದಿಲ್ಲ ಎಂದು ತೀರ್ಮಾನಿಸಿ, ಮುಂದೆ ರಸಾಯನಶಾಸ್ತ್ರ ಹಿಡಿದರು. ಎಷ್ಟೋ ವರ್ಷದ ಮೇಲೆ ತಂಗಿಯ ಕೈಯಲ್ಲಿ ಅದೇ ಪುಸ್ತಕದ ಹೊಸ ಮುದ್ರಣ ಕಂಡಿತು. ಉತ್ತರ ಬದಲಾಗಿತ್ತು. ಅಕ್ಕ ಹಿಂದೆ ಹೊಡೆದುಹಾಕಿದ್ದ ಉತ್ತರವೇ ಅಲ್ಲಿತ್ತು.

"ಸುಮ್ನ ತಿದ್ದಿದ್ರು ನೋಡ್ರಿ. ನನಗೊಬ್ಬರೂ ಹೇಳಲಿಲ್ಲ."

ಮರುದಿನ ತರಗತಿಯಲ್ಲಿ ಆ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ತಪ್ಪು ನನ್ನದು ಎಂದೆ. ಸರಸಂಬಾದಿಂದ ಬರುವ ಹುಡುಗಿಯೊಬ್ಬಳು ಎದ್ದು, ತನ್ನ ನೋಟ್‌ಬುಕ್ ತಂದು ಮುಂದಿಟ್ಟಳು. ಸರಿಯಾದ ಉತ್ತರ ಅಚ್ಚುಕಟ್ಟಾಗಿತ್ತು. ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು, ನನ್ನದೇ ಪೆನ್ನಿನದು. ಕೆಳಗೆ ಅವಳೇ ದುಂಡಗೆ 'ಪರಿಹಾರವಿಲ್ಲ' ಎಂದು ನಕಲು ಮಾಡಿದ್ದಳು. ಎಲ್ಲರೆದುರು ಅವಳ ಕ್ಷಮೆ ಕೇಳಿದೆ.

ಸಂಜೆ ಅಕ್ಕನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಆಕಿ ಇನ್ನಾ ಗಣಿತ ಓದಾಕತ್ತಾಳೇನ್ರಿ?"

"ಓದಾಕತ್ತಾಳ್ರಿ ಅಕ್ಕಾ."

"ಹಂಗಾರ ಟೈಮಿನ್ಯಾಗ ಆತು ಬಿಡ್ರಿ," ಎಂದರು.

ಈಗ ನನ್ನ ಪುಸ್ತಕ ತೆರೆದರೆ ಮೊದಲು ಕಾಣುವುದು ನನ್ನ ತಪ್ಪುಗಳ ಪಟ್ಟಿ: ಹಳೆಯ ಉತ್ತರ, ಹೊಸ ಉತ್ತರ, ತಿದ್ದಿದ ದಿನ. ಮರ್ಯಾದೆ ಹೋಗುತ್ತದೆ, ಕೊನೆಗೆ ಹಾಕಿ ಎಂದು ಸಹೋದ್ಯೋಗಿಗಳು ಬುದ್ಧಿ ಹೇಳುತ್ತಾರೆ. ಆದರೆ ತಮ್ಮ ಲೆಕ್ಕ ತಾವೇ ಹೊಡೆದುಹಾಕಿ ಪುಸ್ತಕ ಮುಚ್ಚಿದವರು ಕೊನೆಯ ಪುಟದವರೆಗೆ ಯಾಕೆ ಬರುತ್ತಾರೆ? ಎಂದಾದರೂ ಒಮ್ಮೆ ತೆರೆದರೆ ಮೊದಲ ಪುಟವನ್ನಷ್ಟೇ ನೋಡಿಯಾರು. ಅವರಿಗೆ ಆ ಪಟ್ಟಿ ಅಲ್ಲೇ ಸಿಗಲಿ.