ಅಪ್ಪನ ಸೊಂಟಕ್ಕೊಂದು ಪಿಸ್ತೂಲು

ಲೈಸೆನ್ಸ್ ಕೈಗೆ ಬಂದ ದಿನ ಮನೆಯಲ್ಲಿ ಸಮಾಧಾನಪಟ್ಟವಳು ನಾನೊಬ್ಬಳೇ. ಅಪ್ಪ ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟ. ಅವ್ವ ಅಂದಿನಿಂದ ಆ ಟ್ರಂಕಿನ ಮೇಲೆ ಕೂರುವುದನ್ನೇ ಬಿಟ್ಟಳು.

ನಮ್ಮದು ಕುರಿ ಸಾಕಿ ಬದುಕಿದ ಮನೆತನ. ಅಪ್ಪ ಕುರಿ ಕಾಯುವುದನ್ನು ಬಿಟ್ಟು ಕುರಿ ವ್ಯಾಪಾರಕ್ಕೆ ಇಳಿದು, ಹಿರಿಯೂರಿನ ಅಂಚಿನಲ್ಲಿ ಮನೆ ಮಾಡಿದ್ದ. ಹರಿಯಬ್ಬೆ ಕಡೆಯ ಹಟ್ಟಿಗಳಲ್ಲಿ ಕೊಂಡು ಸಂತೆಗಳಲ್ಲಿ ಮಾರುತ್ತಿದ್ದ. ವ್ಯವಹಾರವೆಲ್ಲ ಕೈಯಿಂದ ಕೈಗೆ, ನೋಟಿನಲ್ಲೇ. ಹಿಂದಿನ ಬೇಸಿಗೆಯಲ್ಲಿ ಹೊಸದುರ್ಗದ ಸಂತೆ ಮುಗಿಸಿ ಕತ್ತಲಾಗುವ ಹೊತ್ತಿಗೆ ಬಸ್ಸಿಳಿದು ಬರುವಾಗ, ಮೋರಿಯ ಹತ್ತಿರ ಇಬ್ಬರು ಅವನ ತಲೆಗೆ ಹೊಡೆದು ಹಣದ ಚೀಲ ಕಿತ್ತುಕೊಂಡಿದ್ದರು. ನಾನಾಗ ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಬರೆಯುತ್ತಿದ್ದೆ. ನನಗೆ ತಿಳಿಯುವ ಹೊತ್ತಿಗೆ ಅಪ್ಪನ ಗಾಯ ಮಾಗಿ, ಅವನು ಮತ್ತೆ ಸಂತೆಗೆ ಹೋಗಲು ಶುರುಮಾಡಿದ್ದ.

ಓದು ಮುಗಿಸಿ ಬಂದು ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಂತೆಯ ದಿನ ಸಂಜೆಯಾದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಲೈಸೆನ್ಸಿಗೆ ಅರ್ಜಿ ಬರೆದವಳು ನಾನು. ಅಪ್ಪ ರುಜು ಹಾಕಿದ್ದು ನನ್ನ ಮುಖ ನೋಡಲಾಗದೆ ಎಂದು ಈಗ ಅನಿಸುತ್ತದೆ. ಮೂವತ್ತೆರಡು ಬೋರಿನ ಪಿಸ್ತೂಲು ಅಥವಾ ರಿವಾಲ್ವರ್, ಗೊತ್ತುಮಾಡಿದ ಅವಧಿಯೊಳಗೆ ಕೊಳ್ಳಬೇಕು ಎಂದು ಲೈಸೆನ್ಸಿನಲ್ಲಿ ಬರೆದಿತ್ತು.

ಚಿತ್ರದುರ್ಗದಲ್ಲಿ ಬಂದೂಕಿನ ಅಂಗಡಿ ಒಂದಿತ್ತು. ಹಂದಿ ಓಡಿಸುವ ನಾಡ ಬಂದೂಕುಗಳಿಗೆ ಮದ್ದು, ಚರೆ ಕೊಡುವುದೇ ಅದರ ಮುಖ್ಯ ವ್ಯಾಪಾರ. ಹೊರದೇಶದಿಂದ ಹೊಸದು ತರಿಸುವುದು ಆಗ ಆಗದ ಮಾತು. ಯಾರೋ ಮಾರಿಹೋದ ಹಳೆಯವು ಮೂರು ಮಾತ್ರ ಇದ್ದವು. ಅಂಗಡಿಯವರು ಅವನ್ನು ಒಂದು ಹಳದಿ ಬಟ್ಟೆಯ ಮೇಲೆ ಇಟ್ಟರು.

“ಇದು ಬೆಲ್ಜಿಯಂದು, ಯಜಮಾನ್ರೇ. ಚಪ್ಪಟೆ ಐತೆ. ಅಂಗಿ ಒಳಗಿದ್ರೆ ಹೆಂಡ್ತಿಗೂ ಗೊತ್ತಾಗಲ್ಲ.”

ಅಪ್ಪ ಬೆಲೆ ಕೇಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, “ನಲವತ್ತು ಕುರಿ” ಎಂದ.

“ಏನಂದ್ರಿ?”

“ನಲವತ್ತು ಕುರಿ ಸೊಂಟಕ್ಕೆ ಸಿಗಿಸ್ಕಂಡು ಹೋದಂಗಾತು. ಕಳ್ಳ ಕುರಿ ಬಿಟ್ಟು ಇದನ್ನೇ ಕಿತ್ಕಂಡು ಹೋಗ್ತಾನೆ. ಕಡಿಮೇದು ತೋರಿಸ್ರಿ.”

ಎರಡನೆಯದು ಇಂಗ್ಲೆಂಡಿನ ರಿವಾಲ್ವರ್. ಬೆಲೆ ಪರವಾಗಿರಲಿಲ್ಲ, ಆದರೆ ಅಪ್ಪ ಸೊಂಟಕ್ಕೆ ಹಿಡಿದು ನೋಡಿದರೆ ಪಂಚೆಯೇ ಜಾರಿತು. ಮೂರನೆಯದು ಸ್ಪೇನಿನಲ್ಲಿ ಮಾಡಿದ ಗಿಡ್ಡ ರಿವಾಲ್ವರ್. ಹೊಳಪು ಹೋಗಿತ್ತು, ಹಿಡಿಯ ಒಂದು ಬದಿ ಸೀಳಿತ್ತು. ಬೆಲೆ ಹದಿನೈದು ಕುರಿ. ನಾನು ಅದರ ಹಿಂಬದಿಯ ಕುದುರೆಯನ್ನು, ಗುಂಡಿಗೆ ಬಡಿಯುವ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಎಳೆದು ನೋಡಿದೆ. ಗಟ್ಟಿಯಾಗಿತ್ತು. ತಲೆಗೆ ಗಾಯವಾದ ಮೇಲಿಂದ ಅಪ್ಪನ ಹೆಬ್ಬೆರಳು ಸ್ವಲ್ಪ ನಡುಗುತ್ತಿತ್ತು. ಅವನು ಎಳೆದಾಗ ಎರಡು ಸಲ ಜಾರಿತು, ಮೂರನೆಯ ಸಲ ನಿಂತಿತು. ಅಂಗಡಿಯವರು ಗೋಡೆಯ ಕಡೆ ನೋಡಿದರು. ಗುಂಡಿಲ್ಲದ ಆ ಖಾಲಿ ಕಬ್ಬಿಣ ಅಪ್ಪನ ಹೊಟ್ಟೆಯ ಕಡೆಗೇ ತಿರುಗಿತ್ತು.

ಆದರೂ ನಾನೇ ಹೇಳಿದೆ: “ಇದನ್ನು ನಮಗಾಗಿ ತೆಗೆದಿಡಿ. ಮುಂದಿನ ವಾರ ಬರುತ್ತೇವೆ.”

ಕೊಳ್ಳುವ ಮೊದಲು ಅದು ಹೊರಗೆ ಕಾಣುತ್ತದೋ ಇಲ್ಲವೋ ನೋಡಬೇಕಿತ್ತು. ಅಂಗಡಿಯಲ್ಲೇ ವೃತ್ತಪತ್ರಿಕೆಯ ಮೇಲೆ ಅದರ ಅಂಚನ್ನು ಪೆನ್ಸಿಲಿನಲ್ಲಿ ಗೀರಿಕೊಂಡೆ, ತೂಕ ಕೇಳಿಕೊಂಡೆ. ಮನೆಯಲ್ಲಿ ಅದೇ ಆಕಾರಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿದು, ತಕ್ಕಡಿಯಲ್ಲಿ ಸರಿತೂಗುವಷ್ಟು ಕಬ್ಬಿಣದ ಮೊಳೆ ತುಂಬಿದೆ. ಅಪ್ಪನ ಚರ್ಮದ ಬೆಲ್ಟಿಗೆ ಬಲಗಡೆ ಒಂದು ಒಳಜೇಬು ಹೊಲಿದೆ. ಅಂಗಿಯನ್ನು ಮೇಲೆ ಇಳಿಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೂರಿಸಿ ನೋಡಿದೆ, ಬಗ್ಗಿಸಿ ನೋಡಿದೆ, ನಡೆಸಿ ನೋಡಿದೆ.

“ಮದುವಣಿಗನ ಥರ ತಿರುಗಾಡಿಸ್ತೀಯಲ್ಲವ್ವ” ಎಂದು ಅಪ್ಪ ನಕ್ಕ. ಅವ್ವ ನಗಲಿಲ್ಲ. “ಮೊಳೆನಾದ್ರೂ ಗೋಡೆಗೆ ಹೊಡೀಬೌದು” ಎಂದಳು.

ಮುಂದಿನ ಹೊಸದುರ್ಗದ ಸಂತೆಗೆ ಅಪ್ಪ ಆ ಚೀಲ ಕಟ್ಟಿಕೊಂಡೇ ಹೊರಟ. ಕಾಲೇಜಿಗೆ ರಜೆಯಿತ್ತು, ನಾನೂ ಹೋದೆ. ಕುರಿ ಸಂತೆಗೆ ಹೆಂಗಸರು ಬರುವುದು ಅಪರೂಪ. ಪಕ್ಕದಲ್ಲಿ ಮಡಕೆ ಮಾರುವವರ ಸಾಲಿನಲ್ಲಿ ನಿಂತುಕೊಂಡೆ. ಅಲ್ಲಿಂದ ಅಪ್ಪ ಚೆನ್ನಾಗಿ ಕಾಣುತ್ತಿದ್ದ, ಮಾತೂ ಕೇಳುತ್ತಿತ್ತು. ಅವನ ಬಲಗೈ ಒಮ್ಮೆಯೂ ಸೊಂಟದ ಕಡೆ ಹೋಗಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ನನಗೆ ಖಾತ್ರಿಯಾಗುತ್ತಿತ್ತು.

ಅಷ್ಟರಲ್ಲಿ ದಲ್ಲಾಳಿ ಬಂದ. ಅಪ್ಪನಿಗೆ ಇಪ್ಪತ್ತು ವರ್ಷದ ಪರಿಚಯದವನು. ಕುರಿ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಎದೆಗೆ ಎದೆ ಹತ್ತಿರ ನಿಂತು, ಕಂಬಳಿಯ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ತಿಳಿಸುತ್ತಾರೆ. ಎಷ್ಟು ಬೆರಳು, ಎಲ್ಲಿ ಹಿಡಿದರು ಎನ್ನುವುದು ಆ ಇಬ್ಬರಿಗೆ ಮಾತ್ರ ಗೊತ್ತು. ಹುಟ್ಟಿದಾಗಿನಿಂದ ನಾನು ಇದನ್ನು ನೋಡಿದ್ದೆ. ಅಪ್ಪನಂತೂ ಪ್ರತಿ ಸಂತೆಯಲ್ಲೂ ಮಾಡುತ್ತಿದ್ದ. ಚೀಲ ಹೊಲಿಯುವಾಗ ಇಬ್ಬರಿಗೂ ಇದು ಹೊಳೆದಿರಲಿಲ್ಲ.

ದಲ್ಲಾಳಿ ಅಪ್ಪನ ಹೆಗಲ ಕಂಬಳಿಯ ತುದಿ ಎಳೆದು ಕೈ ಒಳಗೆ ಹಾಕಿದ. ಲೆಕ್ಕ ಹಾಕುತ್ತ ಅವನ ತುಟಿ ಅಲುಗುತ್ತಿತ್ತು. ಇದ್ದಕ್ಕಿದ್ದಂತೆ ಕೈಯನ್ನು ಹಿಂದಕ್ಕೆ ಸೆಳೆದುಕೊಂಡ.

“ಏನಪ್ಪ ಅದು?”

“ಏನಿಲ್ಲ, ಕೈ ಕೊಡು.”

“ಏನಿಲ್ಲ ಅಂದ್ರೆ? ಕಬ್ಬಿಣ ಐತೆ. ಸೊಂಟದಾಗೆ ಕಬ್ಬಿಣ ಇಟ್ಕಂಡು ನನ್ನ ಬೆರಳು ಹಿಡೀತೀಯೇನಲೇ?”

ಅಪ್ಪ ಮೆಲ್ಲಗೆ ಏನೋ ಹೇಳಿದ. ದಲ್ಲಾಳಿಯ ದನಿ ಇಳಿಯಲಿಲ್ಲ. “ಹೊಡೆದೋರು ಯಾರೋ. ಅದಕ್ಕೆ ನಾನೇನ್ ಮಾಡ್ಲಿ? ನನ್ನ ಮೇಲೂ ಅನುಮಾನ ಏನು?”

ಸುತ್ತಲಿದ್ದವರು ತಿರುಗಿದರು. ಯಾರೋ, “ದೂರ ನಿಲ್ರಪ್ಪೋ, ಯಜಮಾನ್ರು ದರ ಬದಲು ಗುಂಡು ಹೇಳ್ತಾರಂತೆ” ಎಂದು ನಗಿಸಿದರು. ಆಮೇಲೆ ಬಂದವರು ಕುರಿಯ ಬೆನ್ನು ಮುಟ್ಟಿ ನೋಡಿದರೇ ಹೊರತು ಅಪ್ಪನಿಗೆ ಕೈ ಕೊಡಲಿಲ್ಲ. ಅಪ್ಪ ಕಂಬಳಿಯ ಕೆಳಗೆ ಕೈ ಚಾಚಿಕೊಂಡು ಒಬ್ಬನೇ ನಿಂತಿದ್ದ. ಹನ್ನೊಂದು ಗಂಟೆಯ ಬಿಸಿಲು. ಮಾರಾಟವಾಗದ ಕುರಿಗಳು ಅವನ ಕಾಲಿಗೆ ಒತ್ತಿಕೊಳ್ಳುತ್ತಿದ್ದವು.

ಕೊನೆಗೆ ಅವನು ಎಲ್ಲರೆದುರು ಬೆಲ್ಟಿನಿಂದ ಚೀಲ ತೆಗೆದು, ಹೊಲಿಗೆ ಹರಿದು, ಮೊಳೆಗಳನ್ನು ನೆಲಕ್ಕೆ ಸುರಿದ. “ನೋಡ್ರಪ್ಪ, ಮೊಳೆ” ಎಂದ. ದಲ್ಲಾಳಿ ಒಂದು ಮೊಳೆ ಎತ್ತಿ ನೋಡಿ, “ನಿನ್ ತಲೆಗೆ ಹೊಡೆದದ್ದು ಜೋರಾಗೇ ಬಿದ್ದೈತೆ ಬಿಡು” ಎಂದು ಹತ್ತಿರ ಬಂದು ಕಂಬಳಿ ಎಳೆದುಕೊಂಡ.

ವಾಪಸು ಬರುವ ಬಸ್ಸಿನಲ್ಲಿ ನಾನು ಬಿಡಲಿಲ್ಲ. ಸಂತೆಯ ಹೊತ್ತಿನಲ್ಲಿ ಪಿಸ್ತೂಲನ್ನು ಬೇರೆಯವರ ಕೈಗೆ ಕೊಡೋಣವೆಂದರೆ ಲೈಸೆನ್ಸಿನ ಪ್ರಕಾರ ಕೊಡುವಂತಿಲ್ಲ. ಕಾಲಿಗೆ ಕಟ್ಟಿಕೊ ಎಂದೆ.

“ಕುರಿ ಒದೆಯೋ ಜಾಗ ಅದು.”

“ಮತ್ತೆ ದಾರಿಯಲ್ಲಿ?”

“ಬಸ್ಸಿಳಿದ ಮೇಲೆ ದಾರಿ ಅರ್ಧ ಗಂಟೆ. ಸಂತೆ ಇಡೀ ದಿನ ಐತಲ್ಲವ್ವ. ನಂಗೆ ಕೈ ಕೊಡದಿದ್ರೆ ನಾನೇನು ಮಾಡ್ಲಿ ಹೇಳು.”

ಬಂದೂಕಿನ ಅಂಗಡಿಗೆ ನಾವು ಮತ್ತೆ ಹೋಗಲಿಲ್ಲ. ಕೊಳ್ಳುವ ಅವಧಿ ಹಾಗೆಯೇ ಮುಗಿದುಹೋಯಿತು. ಅದರ ಬದಲು ಅಪ್ಪ ಸಂತೆಯ ರಾತ್ರಿ ಅಲ್ಲೇ ಕುರಿಗಾರರ ಜೊತೆ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ನಾಲ್ಕು ಜನರೊಡನೆ ಬರುವುದೆಂದಾಯಿತು. ಅಂದರೆ ಇಡೀ ರಾತ್ರಿ ನನಗೆ ಏನೂ ತಿಳಿಯುವಂತಿರಲಿಲ್ಲ. ಬೆಳಿಗ್ಗೆ ನಾನು ಚಿತ್ರದುರ್ಗದ ಬಸ್ಸಿಗೆ ನಿಲ್ಲುವಾಗ ಅವನು ಇಳಿಯಬೇಕು. ಇಳಿದು, ತಲೆ ಆಡಿಸಿ, ಮನೆಗೆ ಹೋಗಬೇಕು.

ಒಂದು ಬೆಳಿಗ್ಗೆ ಇಳಿಯಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ. ಅಂದು ಮಾಡಿದ ಪಾಠ ಯಾವುದೆಂದು ಈಗ ನೆನಪಿಲ್ಲ. ಕೊನೆಯ ತರಗತಿ ಬಿಟ್ಟು ಮೊದಲೇ ಹೊರಟೆ. ಮನೆಗೆ ಬಂದರೆ ಅಪ್ಪ ಜಗುಲಿಯಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಮೊದಲ ಬಸ್ಸು ತಪ್ಪಿ, ಹೊಳಲ್ಕೆರೆಯ ಕುರಿ ವ್ಯಾಪಾರಿಗಳ ಲಾರಿಯಲ್ಲಿ ಸುತ್ತಿಕೊಂಡು ಬಂದನಂತೆ.

“ಇಷ್ಟ್ ಬೇಗ ಬಂದ್ಯಲ್ಲ. ಯಾಕವ್ವ?”

“ಬಸ್ಸು ಬೇಗ ಸಿಕ್ತು” ಎಂದು ಒಳಗೆ ಹೋದೆ.