ನಾಯಿಯ ಪಾಲು

ಕಳೆದ ವರ್ಷ ದಸರಾ ಮುಗಿದ ವಾರ, ನನ್ನ ಮೊಮ್ಮಗಳು ಭಾಗೀರಥಿಯ ಬೆನ್ನ ಮೇಲೆ ಮೊದಲ ಸಲ ಕುರಿ ನಡೆದವು. ನಡೆದವು ಎಂದೇ ಬರೆಯುತ್ತೇನೆ, ಏಕೆಂದರೆ ಆಮೇಲೆ ನಾನು ಕಣ್ಣಾರೆ ಕಂಡದ್ದು ಹಾಗೆಯೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೊಂಟದಿಂದ ಹೆಗಲವರೆಗೆ ಕೆಂಪು ಗಂಧೆಗಳು ಜೋಡಿ ಜೋಡಿಯಾಗಿ ಎದ್ದವು. ಹಸಿ ಮಣ್ಣಿನಲ್ಲಿ ಹಿಂಡು ಹಾದುಹೋದರೆ ಗೊರಸು ಮೂಡುತ್ತವಲ್ಲ, ಹಾಗೆ. ಬೆಳಗಾಗುವಷ್ಟರಲ್ಲಿ ಒಂದೂ ಉಳಿಯಲಿಲ್ಲ.

ಮೈಲಾರಲಿಂಗನನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಾನು ಜತ್ತ ಸೀಮೆಯ ಕುರಿಗಾರ, ಮೂರನೇ ಇಯತ್ತೆಯವರೆಗೆ ಕಲಿತವನು. ಇದನ್ನು ಬರೆಯುವಾಗ ಭಾಗಿ ನನ್ನ ಪಕ್ಕದಲ್ಲೇ ಕುಳಿತು ಶೇಂಗಾ ತಿನ್ನುತ್ತಿದ್ದಾಳೆ, ಸಿಪ್ಪೆಯನ್ನೆಲ್ಲ ನನ್ನ ಹಾಳೆಯ ಮೇಲೆ ಉದುರಿಸುತ್ತಿದ್ದಾಳೆ. ಉದುರಿಸಲಿ. ಆ ಸಿಪ್ಪೆಯ ಸದ್ದು ಕೇಳುತ್ತಿದ್ದರೆ ಎದೆ ತುಂಬಿ ಬರುತ್ತದೆ, ಅಕ್ಷರ ಸೊಟ್ಟಗಾದರೂ ಕೈ ನಿಲ್ಲುವುದಿಲ್ಲ.

ನನ್ನ ಮಗ ಮಾಳಪ್ಪ ಸಾಂಗ್ಲಿಯ ಅರಿಶಿಣ ಪೇಟೆಯಲ್ಲಿ ಹಮಾಲಿ ಮಾಡುತ್ತಾನೆ. ಅವನೂ ಸೊಸೆ ಸುಮಿತ್ರಾಳೂ ಮಾಧವನಗರದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದಾರೆ. ಭಾಗಿ ಹತ್ತು ವರ್ಷದವಳಾಗುವವರೆಗೆ ಹಳ್ಳಿಯಲ್ಲಿ ನನ್ನ ಕುರಿಹಟ್ಟಿಯಲ್ಲೇ ಬೆಳೆದಳು. ಆಮೇಲೆ ಶಾಲೆಗೆಂದು ಅವಳನ್ನು ಕರೆದುಕೊಂಡು ಹೋದರು. ಈಗ ಹತ್ತೊಂಬತ್ತು ವರ್ಷ, ಸಾಂಗ್ಲಿಯಲ್ಲಿ ಕಾಲೇಜು.

ಹಟ್ಟಿಯಲ್ಲಿ ಅವಳ ಜೊತೆಗಾರನೆಂದರೆ ಕರಿಯ. ಅವಳು ಒಂದನೇ ಇಯತ್ತೆಗೆ ಹೋದ ವರ್ಷ ನಾನು ತಂದ ನಾಯಿಮರಿ. ತೋಳ ಕಚ್ಚಿ ಎಡಗಿವಿ ಹರಿದಿತ್ತು. ಭಾಗಿ ಮಲಗಿದರೆ ಅವಳ ಬಲಪಕ್ಕೆಯ ಮೇಲೆ ಮೂತಿಯಿಟ್ಟು ತಾನೂ ಮಲಗುತ್ತಿತ್ತು. ಕಳೆದ ಶ್ರಾವಣದಲ್ಲಿ ಮುಪ್ಪಾಗಿ ಸತ್ತಿತು. ನಾಯಿ ಮೈಲಾರನ ಪ್ರಾಣಿ, ನಿಮಗೆ ಗೊತ್ತೇ ಇದೆ. ಹಣೆಗೆ ದೇವರ ಅರಿಶಿಣವಾದ ಭಂಡಾರವನ್ನು ಉದ್ದಕ್ಕೆ ಬಳಿದು, ಬನ್ನಿ ಗಿಡದ ಕೆಳಗೆ ನಾನೇ ಮಣ್ಣು ಮಾಡಿದೆ. ಅದಾಗಿ ಎರಡು ತಿಂಗಳಿಗೆ ಭಾಗಿಯ ಮೈಮೇಲೆ ಗಂಧೆ ಎದ್ದವು, ಅದೂ ಕುರಿಗಳು ಹಟ್ಟಿಗೆ ಮರಳುವ ಹೊತ್ತಿಗೆ ಸರಿಯಾಗಿ. ಮಾಧವನಗರದ ಆ ಓಣಿಯಲ್ಲಿ ಒಂದು ಕುರಿಯೂ ಇಲ್ಲ.

ಸುಮಿತ್ರಾ ಹೆದರಿ ನನಗೆ ಫೋನು ಮಾಡಿದಳು. "ಮಾವಾರ, ಎಲ್ಲಾರೂ ಪಿತ್ತ ಪಿತ್ತ ಅಂತಾರ. ಪಿತ್ತಕ್ಕ ಗಡಿಯಾರ ನೋಡಾಕ ಬರತೈತೇನ್ರಿ? ದಿನಾ ಅದ ಹೊತ್ತಿಗೆ ಬರತೈತಿ."

ನಾನು ಬಂದು ಅಲ್ಲೇ ಉಳಿದೆ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋದರೆ ತೋರಿಸಲು ಏನೂ ಇರುತ್ತಿರಲಿಲ್ಲ, ಫೋನಿನಲ್ಲಿ ತೆಗೆದ ಫೋಟೋ ಮಾತ್ರ. ತುರಿಕೆಯ ಗುಳಿಗೆ ಕೊಟ್ಟರು, ಹೆಚ್ಚು ಮಾಡಿ ಕೊಟ್ಟರು. ಹುಡುಗಿ ತರಗತಿಯಲ್ಲೇ ತೂಕಡಿಸತೊಡಗಿದಳೇ ಹೊರತು ಸಂಜೆಯ ಹಿಂಡು ನಿಲ್ಲಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಾಲೇಜಿನಲ್ಲೇ ತುಟಿ, ಕಣ್ಣು ಊದಿಕೊಂಡವು. ಗಂಟಲು ಬಿಗಿದು ಮಾತು ಹೊರಡಲಿಲ್ಲ. ಗೆಳತಿಯರು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು, ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಬಂತು. ಅಂದಿನಿಂದ ಅವಳು ಮಲಗಿದಾಗ ನಾನು ಹತ್ತಿರ ಕುಳಿತು ಮೂಗಿನ ಮುಂದೆ ಬೆರಳು ಹಿಡಿದು ನೋಡುತ್ತಿದ್ದೆ.

ಆಗ ಸಾಂಗ್ಲಿಯ ಚರ್ಮದ ಡಾಕ್ಟರು ಹೇಳಿದರು: ಮಿರಜಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಂಥ ಬಹುದಿನದ ಪಿತ್ತಕ್ಕೆ ಹೊಸ ಇಂಜೆಕ್ಷನ್ನಿನ ಸಂಶೋಧನೆ ನಡೆದಿದೆ, ಹೋಗಿ ಕೇಳಿ.

ನಾನು, ಭಾಗಿ ಶೇರ್ ರಿಕ್ಷಾ ಹಿಡಿದು ಸಾಂಗ್ಲಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಿರಜಿಗೆ ಹೋದೆವು. ಸಂಶೋಧನೆಯ ಕೋಣೆಯಲ್ಲಿದ್ದ ಸಿಸ್ಟರ್ ಯಾರು ಸೇರಬಹುದು, ಯಾರು ಸೇರಬಾರದು ಎಂಬ ಹಾಳೆಯನ್ನು ಮರಾಠಿಯಲ್ಲಿ ಓದಿದರು. ಭಾಗಿ ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು.

"ಮುತ್ಯಾ, ಹದಿನೆಂಟ ತುಂಬಿರಬೇಕಂತ. ತುಂಬೇತಿ. ಆರ ವಾರಕ್ಕಿಂತ ಜಾಸ್ತಿ ಪಿತ್ತ ಇರಬೇಕು, ಗುಳಗಿ ತಗೊಂಡ್ರೂ ಕಮ್ಮಿ ಆಗಿರಬಾರದು. ಅದೂ ಬರೋಬರ ಐತಿ. ಬಸರ ಇರಬಾರದಂತ."

"ಅದಕೇನ ಹೇಳ್ಲಿ? ನಿಮ್ಮಪ್ಪ ಇನ್ನಾ ವರಾನ ಹುಡುಕಿಲ್ಲ."

"ಗಪ್ ಕುಂದ್ರೋ ಮುತ್ಯಾ, ಸಿಸ್ಟರ್ ನಗಾಕತ್ಯಾರ! ಕೊನೀದು ಕೇಳು. ಪಿತ್ತ ಯಾಕ ಏಳತೈತಿ ಅಂತ ಕಾರಣ ಗೊತ್ತಿರಬಾರದಂತ. ಕಾರಣ ಸಿಕ್ಕರ ಇದರಾಗ ತಗೊಳ್ಳಾಂಗಿಲ್ಲ."

ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಔಷಧವಿಲ್ಲದ್ದು, ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ ಎಂದು ಸಿಸ್ಟರ್ ಬಿಡಿಸಿ ಹೇಳಿದರು. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದರು. ಒಂದು ಡೈರಿ ಕೊಟ್ಟರು. ದಿನಾ ತುರಿಕೆ ಎಷ್ಟಿತ್ತು ಎಂದು ಸೊನ್ನೆಯಿಂದ ಮೂರರವರೆಗೆ ಗುರುತು ಮಾಡಬೇಕು. ಮುಂದಿನ ಏಳು ಸಂಜೆಯೂ ಭಾಗಿ ಮೂರು ಎಂದೇ ಬರೆದಳು.

ಆ ಕೊನೆಯ ಷರತ್ತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಸಲ ಹೊರಡುವಾಗ ಸುಮಿತ್ರಾ ಎಂದಳು, "ಮಾವಾರ, ಕಂಬಳಿ ಇಲ್ಲೇ ಬಿಡ್ರಿ. ಕುರಿ ಮಂದಿ ಅಂತ ತಿಳೀತಂದ್ರ ಉಣ್ಣಿ ಕಚ್ಚಿ ಪಿತ್ತ ಎದ್ದೈತಿ, ಕಾರಣ ಸಿಕ್ತು ಅಂತ ಹೊರಗ ಹಾಕ್ಯಾರು." ಸರಿಯೆನಿಸಿತು. ಹುಟ್ಟಿದಾಗಿನಿಂದ ಹೆಗಲ ಮೇಲಿದ್ದ ಕಂಬಳಿಯನ್ನು ಮೊಳೆಗೆ ನೇತುಹಾಕಿ ಹೋದೆ.

ಅಂದು ರಕ್ತ, ಮಲ ಎಲ್ಲ ತಪಾಸಣೆಗೆ ತೆಗೆದುಕೊಂಡರು. ಡಾಕ್ಟರಮ್ಮ ಬಿಜಾಪುರ ಕಡೆಯವರು, ಕನ್ನಡ ಬರುತ್ತಿತ್ತು. "ಮನ್ಯಾಗ ನಾಯಿ, ಕುರಿ, ಏನರ ಅದಾವೇನ್ರಿ? ಮೊದಲ ಯಾವಾಗರ ಇದ್ದುವೇನು?" ಎಂದು ಕೇಳಿದರು.

ಭಾಗಿ ಬಾಯಿ ತೆರೆಯುವ ಮೊದಲೇ ನಾನೆಂದೆ, "ಇಲ್ರಿ. ಏನೂ ಇಲ್ಲ. ಎಂದೂ ಇದ್ದಿಲ್ಲ."

ಭಾಗಿ ನನ್ನ ಮುಖ ನೋಡಿದಳು. ಹೊರಗೆ ಬಂದು ನಾನು ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ನಾಲಿಗೆಗೆ ಹಚ್ಚಿಕೊಂಡು ಬೇಡಿಕೊಂಡೆ: "ಮೈಲಾರಾ, ಇವಳ ರೋಗಕ್ಕೆ ಕಾರಣ ಸಿಗದಂತೆ ಮಾಡು." ಎಂಥ ಪ್ರಾರ್ಥನೆ ನೋಡಿ! ದೇವರು ಅದನ್ನು ಕೇಳಿಸಿಕೊಂಡು ಏನಂದುಕೊಂಡನೋ.

ಮುಂದಿನ ಮಂಗಳವಾರ ತೀರ್ಮಾನ. ಎಲ್ಲ ಸರಿಯಿದ್ದರೆ ಅಂದೇ ಸಹಿ, ಅಂದೇ ಮೊದಲ ಇಂಜೆಕ್ಷನ್. ರಕ್ತದಲ್ಲಿ ಒಂದು ಜಾತಿಯ ಕಣ ಹೆಚ್ಚಿದೆ, ಆದರೆ ಪಿತ್ತದವರಲ್ಲಿ ಹಾಗಿರುವುದೂ ಉಂಟು, ಸ್ವಲ್ಪ ಕುಳಿತಿರಿ ಎಂದರು. ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಬೆಂಚಿತ್ತು. ಭಾಗಿ ಗುಳಿಗೆಯ ಮಂಪರಿನಲ್ಲಿ ಕುಳಿತಲ್ಲೇ ಕಣ್ಣು ಮುಚ್ಚಿದ್ದಳು. ಮಟಮಟ ಮಧ್ಯಾಹ್ನ. ಸುತ್ತ ರೋಗಿಗಳು, ಡಬ್ಬಿ ಬಿಚ್ಚಿ ಉಣ್ಣುವವರು, ಅಳುವ ಕೂಸುಗಳು.

ಒಮ್ಮೆಲೇ ನನಗೆ ಯಾವ ಸದ್ದೂ ಕೇಳಿಸದಂತಾಯಿತು. ಕೂಸಿನ ಬಾಯಿ ತೆರೆದಿತ್ತು, ಅಳು ಕೇಳಿಸಲಿಲ್ಲ. ಅಂಗಳದ ಆಚೆಯಿಂದ ಒಂದು ಕರಿ ನಾಯಿ ನಡೆದು ಬರುತ್ತಿತ್ತು. ಜನ ಅದಕ್ಕೆ ದಾರಿ ಬಿಡಲಿಲ್ಲ, ಅದೂ ಯಾರನ್ನೂ ಸುತ್ತಿ ಬರಲಿಲ್ಲ. ಎಡಗಿವಿ ಹರಿದಿತ್ತು. ಹಣೆಯ ಮೇಲೆ ಉದ್ದಕ್ಕೆ ಅರಿಶಿಣವಿತ್ತು. ನೇರ ಬಂದು ಭಾಗಿಯ ಬಲಪಕ್ಕೆಗೆ ಮೂತಿಯಿಟ್ಟು, ಒತ್ತಿತು.

ಭಾಗಿ ಕಣ್ಣು ತೆರೆಯದೆ, ಸಣ್ಣವಳಿದ್ದಾಗಿನ ದನಿಯಲ್ಲಿ, "ಸರಿಯೋ ಕರಿಯಾ, ನೋಯತೈತಿ" ಎಂದಳು.

"ಕರಿಯಾ!" ಎಂದು ನಾನು ಕೂಗಿಬಿಟ್ಟೆ.

ಸದ್ದೆಲ್ಲ ಒಮ್ಮೆಗೇ ವಾಪಸು ಬಂತು. ಸಿಸ್ಟರ್ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಆಜೋಬಾ, ಯಾರನ್ನ ಕರೀತೀರಿ?" ಎಂದು ಮರಾಠಿಯಲ್ಲಿ ಕೇಳಿದರು. ಭಾಗಿ ಅರೆನಿದ್ದೆಯಲ್ಲೇ, "ಆಮಚಾ ಕುತ್ರಾ," ನಮ್ಮ ನಾಯಿ, ಎಂದುಬಿಟ್ಟಳು.

"ಕುತ್ರಾ? ಕುಠಾಯ ಕುತ್ರಾ?" ನಾಯಿ ಎಲ್ಲಿದೆ ಎಂದು ಸಿಸ್ಟರ್ ಅಂಗಳವನ್ನೆಲ್ಲ ನೋಡಿದರು. ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಆಮೇಲೆ ಅವರ ಕಣ್ಣು ಕೈಯಲ್ಲಿದ್ದ ಫೈಲಿನ ಮೇಲೆ ಹೋಯಿತು, ಅಲ್ಲಿಂದ ನನ್ನ ಮುಖಕ್ಕೆ ಬಂತು. ನಮ್ಮಿಬ್ಬರನ್ನೂ ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಅಜ್ಜಾರ, ಖರೇ ಹೇಳ್ರಿ. ನಾಯಿ ಇತ್ತು?"

"ಇತ್ರಿ. ಕುರೀನೂ ಅದಾವು. ಈಕಿ ಕುರಿಹಟ್ಟ್ಯಾಗ ಬೆಳೆದಾಕಿ. ಈಗ ನಿದ್ದಿಗಣ್ಣಾಗ ನೋಯತೈತಿ ಅಂದ್ಳ್ರಿ."

"ಎಲ್ಲಿ ನೋಯತೈತಿ ಅಂದಿ ನೀ?" ಎಂದು ಭಾಗಿಯನ್ನು ಕೇಳಿದರು. ಅವಳು ಬಲಪಕ್ಕೆ ತೋರಿಸಿದಳು. ಅಲ್ಲಿ ನೋವಿದೆಯೆಂದು ಅವಳು ಅಂದಿನವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಡಾಕ್ಟರಮ್ಮ ನಾಯಿ ಒತ್ತಿದ ಜಾಗದಲ್ಲೇ ಮೆಲ್ಲಗೆ ಬೆರಳಿಟ್ಟು ನೋಡಿ, ಕೂಡಲೇ ಸೋನೋಗ್ರಫಿಗೆ ಬರೆದುಕೊಟ್ಟರು.

ಆ ಕತ್ತಲೆ ಕೋಣೆಯಲ್ಲಿ ನನ್ನನ್ನೂ ನಿಲ್ಲಲು ಬಿಟ್ಟರು. ಪರದೆಯ ಮೇಲೆ ಬೂದು ಬಣ್ಣದ ಮಂಜು. ಅದರ ನಡುವೆ ಕಪ್ಪಗೆ, ಗುಂಡಗೆ ಒಂದು ಚೀಲ, ಅದರೊಳಗೆ ದ್ರಾಕ್ಷಿಯಂತೆ ಸಣ್ಣ ಸಣ್ಣ ಚೀಲಗಳು. ಸ್ನೇಹಿತರೇ, ನನಗೆ ಪೇಪರು ಓದಲು ತಡವಾಗುತ್ತದೆ. ಆದರೆ ಅದನ್ನು ಒಂದೇ ನೋಟಕ್ಕೆ ಓದಿದೆ.

"ಅವ್ವಾರ, ಇದು ನೀರಗುಳ್ಳಿ," ಎಂದೆ. "ಕುರಿ ಕೊಯ್ದಾಗ ಕಲೇಜಿಯೊಳಗ ಸಿಗತೈತಿ. ಐವತ್ತ ವರ್ಷ ನೋಡೇನಿ."

ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಹೌದ್ರಿ ಅಜ್ಜಾರ. ಅದ ಅದು. ಆ ಗುಳ್ಳಿ ಏನ ಮಾಡತೀರಿ ನೀವು?"

ನಮ್ಮ ಮನೆತನದಲ್ಲಿ ಕುರಿ ಕೊಯ್ದರೆ ಮೊದಲ ಪಾಲು ನಾಯಿಗೆ. ಮೈಲಾರನಿಗೆ ಮುಟ್ಟಿತೆಂದು ನಂಬಿಕೆ. ನೀರಗುಳ್ಳೆಯ ಕಲೇಜಿಯನ್ನು, ಡಾಕ್ಟರು ಲಿವರ್ ಎನ್ನುವುದನ್ನು, ಮನುಷ್ಯರು ತಿನ್ನುವುದಿಲ್ಲ. ಅದನ್ನೇ ಹಸಿಯಾಗಿ, ತಲೆಯ ರುಮಾಲು ತೆಗೆದು ಕೈಮುಗಿದು, ಕರಿಯನ ಮುಂದೆ ಇಡುತ್ತಿದ್ದವನು ನಾನು. ಪಕ್ಕದಲ್ಲಿ ನಿಂತು ಕರಿಯನ ಕೊರಳು ತಬ್ಬಿಕೊಂಡಿರುತ್ತಿದ್ದವಳು ಭಾಗಿ.

ಆ ಗುಳ್ಳೆಯಲ್ಲಿ ಕಣ್ಣಿಗೆ ಕಾಣದ ಹುಳುವಿನ ಬೀಜವಿರುತ್ತದಂತೆ. ಅದು ನಾಯಿಯ ಹೊಟ್ಟೆಯಲ್ಲಿ ಹುಳುವಾಗಿ, ಅದರ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಬಂದು ಕೂದಲಿಗೂ ಹತ್ತಿರುತ್ತದೆ. ಅಲ್ಲಿಂದ ಮಕ್ಕಳ ಕೈಗೆ, ಬಾಯಿಗೆ. ಒಳಗೆ ವರ್ಷಗಟ್ಟಲೆ ಬೆಳೆಯುತ್ತದೆ. ಗುಳ್ಳೆ ಚೂರು ಒಸರಿದರೂ ಮೈ ಅದರ ವಿರುದ್ಧ ಗಂಧೆ ಎಬ್ಬಿಸುತ್ತದೆ. ಒಡೆದರೆ ಉಸಿರೇ ನಿಲ್ಲಬಹುದು.

"ಹೊಸಾ ಇಂಜೆಕ್ಷನ್ ಕೊಟ್ಟಿದ್ದರ ತುರಿಕಿ ನಿಲ್ಲತಿತ್ತೋ ಏನೋ," ಎಂದರು ಡಾಕ್ಟರಮ್ಮ. "ಗುಳ್ಳಿ ಮಾತ್ರ ಒಳಗ ಸುಮ್ಮನ ಬೆಳಕೋಂತ ಹೋಗತಿತ್ತು. ಕಾರಣ ಸಿಕ್ತು. ಇನ್ನ ಈಕಿ ನಮ್ಮ ಸಂಶೋಧನೆಗೆ ಬರೂದಿಲ್ರಿ."

ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. "ನನ್ನ ಕೈಲೆ ಹಾಕೇನ್ರಿ, ನಾನ ಹಾಕೇನಿ" ಎಂದೆ. ಭಾಗಿ ಹಾಸಿಗೆಯ ಮೇಲಿಂದಲೇ ಕೈ ಚಾಚಿ ನನ್ನ ರುಮಾಲು ಸರಿಮಾಡಿದಳು. "ಮುತ್ಯಾ, ನಿನಗೇನ ಗೊತ್ತಿತ್ತು? ಏಳು. ಎಲ್ಲಾರೂ ನೀನ ಪೇಶಂಟ್ ಅಂತ ತಿಳಿದಾರು."

ಕೆಲವು ವಾರ ಹುಳುವಿನ ಗುಳಿಗೆ ಕೊಟ್ಟು, ಯುಗಾದಿಯ ನಂತರ ಮಿರಜಿನಲ್ಲೇ ಆಪರೇಷನ್ ಮಾಡಿದರು. ಗುಳ್ಳೆ ಒಡೆಯದೆ ಇಡಿಯಾಗಿ ಬಂತು. ಮೊದಲೆರಡು ಸಂಜೆ ನಾಲ್ಕಾರು ಗಂಧೆ ಎದ್ದವು. ಮೂರನೇ ಸಂಜೆ ನಾನು, ಮಾಳಪ್ಪ, ಸುಮಿತ್ರಾ ಮೂವರೂ ಅವಳ ಒಂದೇ ಕೈಯನ್ನು ದಿಟ್ಟಿಸುತ್ತ ಕುಳಿತೆವು. ಕಿಟಕಿಯಾಚೆ ಹೊತ್ತು ಮುಳುಗಿತು. ಜಂಕ್ಷನ್ನಿನಲ್ಲಿ ರೈಲು ಕೂಗಿತು. ವಾರ್ಡಿನ ದೀಪ ಹತ್ತಿದವು. ಆ ಕೈ ಹಾಗೇ ಇತ್ತು, ಒಂದು ಗೊರಸೂ ಮೂಡಲಿಲ್ಲ.

"ನಾನೇನ ಟೀವೀ ಏನು, ಹಂಗ ನೋಡಾಕತ್ತೀರಿ?" ಎಂದಳು ಭಾಗಿ. ಮಾಳಪ್ಪ, ಹಮಾಲಿ ಮಾಡಿ ಕಲ್ಲಾದ ನನ್ನ ಮಗ, ಮುಖ ಮುಚ್ಚಿಕೊಂಡು ಹೊರಗೆ ಹೋದ.

ಆ ನಾಯಿಯ ಬಗ್ಗೆ ಆಸ್ಪತ್ರೆಯ ಕಾವಲುಗಾರನನ್ನು ಕೇಳಿದೆ. ಈ ಅಂಗಳದಲ್ಲಿ ನಾಯಿಯನ್ನೇ ಬಿಡುವುದಿಲ್ಲ ಎಂದ. ಭಾಗಿ ಅಂದು ತೊಟ್ಟಿದ್ದ ಬಿಳಿ ಕುರ್ತಾದ ಬಲಪಕ್ಕೆಯಲ್ಲಿ ಬೆರಳಗಲ ಹಳದಿ ಗುರುತಿತ್ತು. ಸುಮಿತ್ರಾ ಸಾಬೂನು ಹಚ್ಚಿದ ಕೂಡಲೇ ಅದು ಕುಂಕುಮದಂತೆ ಕೆಂಪಾಯಿತು. ಭಂಡಾರವೇ. "ಮಾವಾರ, ನಿಮ್ಮ ಮಗ ಅರಿಶಿಣಾ ಹೊರಾಂವ. ಈ ಮನ್ಯಾಗ ಯಾವ ಅರಿವಿ ಬಟ್ಟಿಗೆ ಹಳದಿ ಹತ್ತಿಲ್ಲ ಹೇಳ್ರಿ?" ಎಂದಳು ಸೊಸೆ. ಇರಬಹುದು. ಆದರೆ ಅವಳು ಆ ಕುರ್ತಾವನ್ನು ಮತ್ತೆ ತೊಳೆಯಲಿಲ್ಲ. ಮಡಿಚಿ ದೇವರ ಜಗುಲಿಯ ಮೇಲಿಟ್ಟಿದ್ದಾಳೆ.

ವಾರ್ಡಿನಲ್ಲಿ ಕುಳಿತಾಗಲೇ ನಾನು ಹರಕೆ ಹೊತ್ತಿದ್ದೆ: ಕುರಿಹಟ್ಟಿ ಕುರಿಹಟ್ಟಿಗೆ ಹೋಗಿ ಇದನ್ನು ಹೇಳುತ್ತೇನೆ ಎಂದು. ಹೇಳುತ್ತಿದ್ದೇನೆ. ನಡೆಯಲಾಗದ ಕಡೆಗೆ ಈ ಹಾಳೆ ಹೋಗಲಿ. ನೀರಗುಳ್ಳೆಯ ಕಲೇಜಿಯನ್ನು ನಾಯಿಗೆ ಹಾಕಬೇಡಿರಿ. ಆಳವಾಗಿ ಹೂಳಿ ಮೇಲೆ ಕಲ್ಲು ಹೇರಿರಿ. ನಾಯಿಗೆ ದನದ ಡಾಕ್ಟರರಿಂದ ಹುಳುವಿನ ಗುಳಿಗೆ ಹಾಕಿಸಿರಿ. ಡಾಕ್ಟರು ಏನು ಕೇಳಿದರೂ ಇದ್ದದ್ದು ಇದ್ದಂತೆ ಹೇಳಿರಿ, ಕಂಬಳಿ ಹೊದ್ದುಕೊಂಡೇ ಹೋಗಿರಿ.

ಹೋದ ರವಿವಾರ ಹಟ್ಟಿಯಲ್ಲಿ ಕುರಿ ಕೊಯ್ದೆವು. ಭಾಗಿಯೂ ಬಂದಿದ್ದಳು. ಕಲೇಜಿಯಲ್ಲಿ ಗುಳ್ಳೆಯಿತ್ತು. ಮೊಳಕಾಲಿನಾಳದ ತೆಗ್ಗು ತೋಡಿ ನಾನೇ ಹೂಳಿದೆ. ಹೊಸ ಮರಿಯೊಂದು ತಂದಿದ್ದೇವೆ, ಅದೂ ಕರಿದೇ. ರುಮಾಲು ತೆಗೆದು, ಕೈಮುಗಿದು, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಅದರ ಮುಂದಿಟ್ಟೆ. ಮೈಲಾರನ ಪಾಲು ತಪ್ಪಿಸಲಿಲ್ಲ. ಹೊತ್ತು ಮುಳುಗುತ್ತಿತ್ತು, ಕುರಿಗಳು ಹಟ್ಟಿಗೆ ಬರುತ್ತಿದ್ದವು. ಭಾಗಿ ತೋಳು ಮೇಲೇರಿಸಿ ಎರಡೂ ಕೈ ನನ್ನ ಮುಂದೆ ಚಾಚಿದಳು.

"ನೋಡು ಮುತ್ಯಾ, ಇವತ್ತಿಂದು ಬರ್ಕೋ."

ಆ ಹಳೆಯ ಡೈರಿಯಲ್ಲಿ ಸೊನ್ನೆ ಎಂದು ಬರೆದುಕೊಂಡೆ.