ಕೂಸಿಗೆ ಹೆಸರು ಕೂಗಿದ್ದು

ಕೊಟ್ಟೂರಿನ ಕಲ್ಯಾಣಮ್ಮನ ಮಗಳು ಬೋರಲು ಬಿದ್ದಳು, ಅಂಬೆಗಾಲಿಟ್ಟಳು, ಹಲ್ಲು ಬಂದ ಮೇಲೆ ತಾಯಿಯ ಭುಜವನ್ನೂ ಕಚ್ಚಿದಳು. ಆದರೂ ಅವಳಿಗೊಂದು ಹೆಸರಿರಲಿಲ್ಲ. ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಕೂಗುವ ಹಕ್ಕು ಸೋದರತ್ತೆಯದು. ಆ ಸೋದರತ್ತೆ ತಿಪ್ಪೇರುದ್ರಮ್ಮ ಚಿಗಟೇರಿಯಲ್ಲಿ ಗಟ್ಟಿಮುಟ್ಟಾಗಿಯೇ ಇದ್ದಳು. ಸಂತೆಗೆಂದು ಕೊಟ್ಟೂರಿಗೆ ಬಂದರೂ ಈ ಓಣಿಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಅವಳ ತಮ್ಮ ಬೆನಕಪ್ಪ ಬಸುರಿ ಹೆಂಡತಿ ಕಲ್ಯಾಣಮ್ಮನನ್ನು ತವರಿಗೆ ತಂದು ಬಿಟ್ಟುಹೋದವನು, ಹೆಣ್ಣು ಹುಟ್ಟಿತೆಂದು ಕೇಳಿ ಈ ಕಡೆ ತಲೆ ಹಾಕಲಿಲ್ಲ. ಬಿಟ್ಟವನು ಮೀಸೆ ತಿರುವಿಕೊಂಡು ಓಡಾಡಿದ. ಜನ ಮಾತ್ರ ಕಲ್ಯಾಣಮ್ಮನನ್ನೇ ನಿಲ್ಲಿಸಿ, ಏನು ತಪ್ಪು ಮಾಡಿದೆ ಎಂದು ಕೇಳಿದರು. ಇದೆಂಥ ನ್ಯಾಯ!

ಅವಳು ಶೇಂಗಾ ಮಿಲ್ಲಿಗೆ ಕಾಳು ಆರಿಸಲು ಹೋದಳು. ಕೂಸನ್ನು ಒಳಗೆ ಬಿಡುವುದಿಲ್ಲವೆಂದು ಮೇಸ್ತ್ರಿ ಹಟ ಹಿಡಿದ. ಎದೆ ಬಿಗಿದು, ಹಾಲು ಸೋರಿ ಕುಬಸ ತೊಯ್ದರೂ ಊಟದ ಗಂಟೆಯವರೆಗೆ ಬಿಡುವಿರಲಿಲ್ಲ. ಒಮ್ಮೆ ಕೂಸಿಗೆ ಜ್ವರ ಬಂದಾಗ ದವಾಖಾನೆಯ ನರ್ಸಮ್ಮ ಹೆಸರೇನೆಂದು ಕೇಳಿದಳು. ಇನ್ನೂ ಇಟ್ಟಿಲ್ಲವೆಂದಾಗ ಅಲ್ಲಿದ್ದವರೆಲ್ಲ ಅವಳ ಕೊರಳಿನ ತಾಳಿ ನೋಡಿದರು. ಕಲ್ಯಾಣಮ್ಮನಿಗೆ ಮೈಯೆಲ್ಲ ಉರಿಯಿತು. ನಾವೇ ಹೆಸರಿಡೋಣ ಎಂದು ತಾಯಿ ಬಸಲಿಂಗಮ್ಮನ ಹತ್ತಿರ ಜಗಳಾಡಿದಳು. ಮುದುಕಿ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ಕೂಗದ ಹೆಸರು ಕೂಸಿಗೆ ದಕ್ಕುವುದಿಲ್ಲ ಎಂಬುದೊಂದೇ ಅವಳ ಮಾತು.

ವರ್ಷ ತುಂಬುವ ಹೊತ್ತಿಗೆ, ಬರುತ್ತೇನೆಂದು ತಿಪ್ಪೇರುದ್ರಮ್ಮನೇ ಹೇಳಿ ಕಳಿಸಿದಳು. ಬಸಲಿಂಗಮ್ಮ ಹಿಗ್ಗಿಹೋದಳು. ತೊಟ್ಟಿಲು ಕಟ್ಟಿ, ಓಣಿಯ ಹೆಂಗಸರನ್ನೆಲ್ಲ ಕರೆದಳು. ಮಹಾರಾಯಗಿತ್ತಿ ಬಂದಳು, ತೊಟ್ಟಿಲಿಗೆ ಬಾಗಿದಳು, ಅಲ್ಲಿಯೇ ತಡೆದು ನಿಂತಳು. ಬೆನಕಪ್ಪನ ಲಗ್ನಕ್ಕೆ ಇನ್ನೊಂದು ಹೆಣ್ಣು ಗೊತ್ತಾಗಿದೆ, ತನ್ನ ತಕರಾರಿಲ್ಲವೆಂದು ಕಲ್ಯಾಣಮ್ಮ ಈ ಹೆಂಗಸರ ಮುಂದೆ ಹೇಳಿದರೆ ಈಗಲೇ ಹೆಸರು ಕೂಗುತ್ತೇನೆ ಎಂದಳು.

“ಅಕ್ಕಾರ, ನನ್ನ ಮಗಳ ಹೆಸರು ನಿಮ್ಮ ತಮ್ಮನ ಲಗ್ನದ ಎಲಿ-ಅಡಿಕಿ ಅಲ್ಲ,” ಎಂದಳು ಕಲ್ಯಾಣಮ್ಮ. “ಸರೀರಿ ಆ ಕಡಿ.”

ತಾನೇ ಬಾಗಿ, ಕೂಸಿನ ಕಿವಿಯಲ್ಲಿ “ಗೀತಾಂಜಲಿ” ಎಂದು ಕೂಗಿದಳು. ಬೀದಿಗೂ ಕೇಳಿಸಿತು.

ಹೆಸರು ಕೂಗಿದವಳ ಬೆನ್ನಿಗೆ ಹೆಂಗಸರು ನಗುತ್ತ ಗುದ್ದುವುದು ನಮ್ಮ ಕಡೆಯ ಪದ್ಧತಿ. ಅವತ್ತು ಯಾರ ಕೈಯೂ ಏಳಲಿಲ್ಲ. ಎಲ್ಲರೂ ತಿಪ್ಪೇರುದ್ರಮ್ಮನ ಮುಖ ನೋಡುತ್ತ ನಿಂತರು. ಆಗ ಬಸಲಿಂಗಮ್ಮ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಗಿಸಿ, ಮಗಳ ಬೆನ್ನಿಗೆ ಧಪ್ಪನೆ ಗುದ್ದಿದಳು.